ಕಾಂಗ್‌ನ ಎಲುಬು, ಅಭಿಮಾನಿಗಳ ಕೈ

(ಚಿತ್ರಸಮಾಜವೊಂದರ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯರೇ,

1933ರ ಮಾರ್ಚ್ 2ರಂದು ನ್ಯೂಯಾರ್ಕ್ ನಗರದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಮತ್ತು ನ್ಯೂ ರಾಕ್ಸಿ ಎಂಬ ಎರಡು ಭಾರಿ ಚಿತ್ರಮಂದಿರಗಳಲ್ಲಿ ಒಂದೇ ದಿನ ತೆರೆಕಂಡ ‘ಕಿಂಗ್ ಕಾಂಗ್’ ಚಿತ್ರವನ್ನು ಇಲ್ಲಿ ಸೇರಿರುವ ಬಹುಪಾಲು ಮಂದಿ ಯಾವಾಗಲಾದರೂ ಒಮ್ಮೆ ನೋಡಿಯೇ ಇರುತ್ತೀರಿ. ನಡುಗಡಲಿನ ದ್ವೀಪ, ಅಲ್ಲಿನ ಡೈನೋಸಾರ್‌ಗಳು, ದೈತ್ಯ ವಾನರ, ಅದನ್ನು ಸೆರೆಹಿಡಿದು ನಗರಕ್ಕೆ ತಂದದ್ದು, ಕೊನೆಗೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡೇಟಿಗೆ ಸಿಕ್ಕಿ ಅದು ಕೆಳಗುರುಳಿದ್ದು, ಇವನ್ನೆಲ್ಲ ಮತ್ತೆ ಹೇಳುವ ಅಗತ್ಯವಿಲ್ಲ. ಆ ಚಿತ್ರದ ತಯಾರಿಕೆಯಲ್ಲಿ ಬಳಕೆಯಾಗಿ ಉಳಿದ ವಸ್ತುಗಳ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಗೊಂಬೆಗಳ ಒಳಗಿನ ಲೋಹದ ಹಂದರ, ಸ್ಟುಡಿಯೋದ ಛಾಯಾಗ್ರಾಹಕರು ತೆಗೆದ ಸ್ಥಿರಚಿತ್ರಗಳು, ಕಲಾವಿದರು ಬರೆದ ದೃಶ್ಯರೇಖೆಗಳು ಯಾರ ಯಾರ ಕೈ ಸೇರಿದವು, ಆ ಕೈಗಳು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಬೇರೆಯವರ ಮುಂದೆ ಹರಡಿದ್ದರಿಂದ ಏನೇನಾಯಿತು ಎಂಬುದು ನನ್ನ ವಿಷಯ. ಅಭಿಮಾನಿಗಳು ಈ ವಸ್ತುಗಳನ್ನು ಉಳಿಸಿದ್ದು ದೊಡ್ಡದೇ; ಆದರೆ ಅವರು ಅವನ್ನು ಹಂಚಿಕೊಂಡದ್ದರಿಂದಲೇ ಒಂದು ಕಸುಬು ಮುಂದಿನ ತಲೆಮಾರಿಗೆ ದಾಟಿತು, ಒಂದು ಚಿತ್ರದ ಚರಿತ್ರೆ ಸುಳ್ಳುಗಳಿಂದ ಬಿಡಿಸಿಕೊಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಸ್ಟುಡಿಯೋ ತನ್ನ ವಸ್ತುಗಳನ್ನು ಹೇಗೆ ಕಾಣುತ್ತಿತ್ತು ಎಂಬುದನ್ನು ನೋಡಬೇಕು. ಚಿತ್ರವನ್ನು ತಯಾರಿಸಿದ ಆರ್‌ಕೆಓ ಸಂಸ್ಥೆಗೆ ಕಾಂಗ್‌ನ ಗೊಂಬೆ ಒಂದು ಉಪಕರಣವಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ಇನ್ನೊಂದಕ್ಕೆ ಬಳಸುವುದು ಅಲ್ಲಿನ ಸಹಜ ಪದ್ಧತಿ. ಚಿತ್ರದ ಹಲವು ಡೈನೋಸಾರ್‌ಗಳು, ಅರ್ಧಕ್ಕೇ ನಿಂತುಹೋದ ಅದರ ಹಿಂದಿನ ಯೋಜನೆಯೊಂದಕ್ಕಾಗಿ ಮಾಡಿದಂಥವು. ಅದೇ 1933ರ ಡಿಸೆಂಬರಿನಲ್ಲಿ ಬಂದ ಮುಂದುವರಿದ ಭಾಗದಲ್ಲಿ ಕಾಂಗ್‌ನ ಮಗನ ಪಾತ್ರಕ್ಕೆ ತಂದೆಯ ಹಂದರವೇ ಬಳಕೆಯಾಯಿತು. ದ್ವೀಪದ ಜನರು ಕಾಂಗ್‌ನನ್ನು ಹೊರಗಿಡಲು ಕಟ್ಟಿಕೊಂಡಿದ್ದ ಆ ಮಹಾಗೋಡೆಯ ಕಥೆ ಇನ್ನೂ ಸ್ವಾರಸ್ಯಕರ. ಅದು 1927ರಲ್ಲಿ ಯೇಸುವಿನ ಜೀವನವನ್ನು ಕುರಿತ ಮೂಕಿಚಿತ್ರಕ್ಕೆ ಹಾಕಿದ್ದ ಸೆಟ್. ಅದಕ್ಕೆ ಹೊಸ ರೂಪ ಕೊಟ್ಟು ಕಾಂಗ್‌ಗೆ ಬಳಸಿದರು. 1938ರ ಡಿಸೆಂಬರಿನಲ್ಲಿ ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕಾಗಿ ಅಟ್ಲಾಂಟಾ ನಗರ ಹೊತ್ತಿ ಉರಿಯುವ ದೃಶ್ಯವನ್ನು ತೆಗೆಯಬೇಕಾದಾಗ, ಕಲ್ವರ್ ಸಿಟಿಯ ಆ ಬಯಲಿನಲ್ಲಿ ನಿಂತಿದ್ದ ಹಳೆಯ ಸೆಟ್‌ಗಳ ಜೊತೆಗೆ ಆ ಗೋಡೆಗೂ ಬೆಂಕಿಯಿಟ್ಟರು. ಹಾಗಾಗಿ ಕಾಂಗ್‌ನ ಅತಿದೊಡ್ಡ ಸೆಟ್‌ನ ಕೊನೆಯ ದರ್ಶನ ನಮಗೆ ದೊರೆಯುವುದು ಬೇರೊಂದು ಚಿತ್ರದ ಬೆಂಕಿಯಲ್ಲಿ.

ಸ್ಟುಡಿಯೋದ ಒಡೆತನವೂ ಸ್ಥಿರವಾಗಿ ಉಳಿಯಲಿಲ್ಲ. 1948ರಲ್ಲಿ ಹೊವಾರ್ಡ್ ಹ್ಯೂಸ್, 1955ರಲ್ಲಿ ಒಂದು ಟಯರ್ ಕಂಪನಿ, 1957ರಲ್ಲಿ ಅದರ ಜಾಗವನ್ನೂ ಕಟ್ಟಡಗಳನ್ನೂ ಕೊಂಡ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಪಕರು, ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುವಾಗ ಪ್ರತಿ ಬಾರಿಯೂ ಉಗ್ರಾಣಗಳನ್ನು ಖಾಲಿ ಮಾಡಿಸುವುದು ಸಾಮಾನ್ಯ. ಇಷ್ಟೆಲ್ಲ ಆಗಿಯೂ ಕಾಂಗ್‌ನ ಏನಾದರೂ ಇಂದು ಉಳಿದಿದ್ದರೆ, ಅದಕ್ಕೆ ಅದನ್ನು ಎತ್ತಿ ಮನೆಗೆ ಒಯ್ದ ತಂತ್ರಜ್ಞರೂ ಅವರಿಂದ ಪಡೆದ ಅಭಿಮಾನಿಗಳೂ ಕಾರಣ.

ಈಗ ಆ ವಸ್ತುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪರದೆಯ ಮೇಲೆ ಗೋಪುರದಷ್ಟು ಎತ್ತರ ಕಾಣುವ ಕಾಂಗ್ ಬಹುತೇಕ ದೃಶ್ಯಗಳಲ್ಲಿ ಸುಮಾರು 18 ಅಂಗುಲದ ಗೊಂಬೆ, ಎಂದರೆ ಒಂದೂವರೆ ಅಡಿ. ನ್ಯೂಯಾರ್ಕ್‌ನ ದೃಶ್ಯಗಳಿಗೆ ಅದಕ್ಕಿಂತ ತುಸು ದೊಡ್ಡದನ್ನು ಬಳಸಿದರು. ಅದನ್ನು ರೂಪಿಸಿದವರು ಮಾರ್ಸೆಲ್ ಡೆಲ್ಗಾಡೊ; ಅದಕ್ಕೆ ಜೀವ ಕೊಟ್ಟವರು ವಿಲ್ಲಿಸ್ ಓಬ್ರಿಯನ್. ಗೊಂಬೆಯ ಒಳಗೆ ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ ಅಸ್ಥಿಪಂಜರವಿದೆ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪ್ರತಿಯೊಂದು ಕಡೆಯೂ ಒಂದು ಸಣ್ಣ ಲೋಹದ ಗುಂಡು ಎರಡು ತಗಡುಗಳ ನಡುವಿನ ಕುಳಿಯಲ್ಲಿ ಕೂತಿರುತ್ತದೆ. ಆ ತಗಡುಗಳನ್ನು ಬಿಗಿಹಿಡಿಯಲು ತಿರುಪುಗಳಿವೆ. ಈ ತಿರುಪಿನ ಬಿಗಿಯಲ್ಲೇ ಇಡೀ ವಿದ್ಯೆ ಅಡಗಿದೆ. ಬೆರಳಿನಿಂದ ಒತ್ತಿದರೆ ಕೈ ಸರಿಯಬೇಕು, ಬೆರಳು ತೆಗೆದ ಕೂಡಲೇ ಇಟ್ಟಲ್ಲೇ ನಿಲ್ಲಬೇಕು. ಕೀಲು ಸಡಿಲವಾದರೆ ಮೈಭಾರಕ್ಕೆ ತೋಳು ಜಾರುತ್ತದೆ. ಅತಿ ಬಿಗಿಯಾದರೆ ಅದನ್ನು ಸರಿಸುವ ರಭಸಕ್ಕೆ ಇಡೀ ಗೊಂಬೆಯೇ ಕದಲಿ ಚಿತ್ರಿಕೆ (ಫ್ರೇಮ್) ಹಾಳಾಗುತ್ತದೆ. ಒಂದು ಸೆಕೆಂಡಿಗೆ 24 ಚಿತ್ರಿಕೆಗಳು, ಒಂದು ನಿಮಿಷಕ್ಕೆ 1,440. ಪ್ರತಿ ಚಿತ್ರಿಕೆಗೂ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಕೈ ಹೊರಗೆ ತೆಗೆದು, ಕ್ಯಾಮೆರಾದ ಒಂದು ಚೌಕಟ್ಟು ಒಡ್ಡಿ, ಮತ್ತೆ ಸರಿಸಬೇಕು. ಗೊಂಬೆ ನಡೆಯುವಾಗ ಬೀಳದಂತೆ ಅದರ ಪಾದವನ್ನು ಮೇಜಿನ ಕೆಳಗಿನಿಂದ ತಿರುಪು ಹಾಕಿ ಹಿಡಿದಿಡುತ್ತಿದ್ದರು.

ಆ ಹಂದರದ ಮೇಲೆ ಹತ್ತಿ, ರಬ್ಬರು, ಅದರ ಮೇಲೆ ಮೊಲದ ಚರ್ಮದ ತುಪ್ಪಳ. ನೀವು ಚಿತ್ರವನ್ನು ಮತ್ತೆ ನೋಡುವಾಗ ಕಾಂಗ್‌ನ ಎದೆಯ ಮೇಲಿನ ರೋಮವನ್ನು ಗಮನಿಸಿ. ಗಾಳಿ ಬೀಸಿದಂತೆ ಅದು ಸದಾ ಅಲುಗುತ್ತಿರುತ್ತದೆ. ಚಿತ್ರಿಕೆಯಿಂದ ಚಿತ್ರಿಕೆಗೆ ಗೊಂಬೆಯನ್ನು ಸರಿಸಿದ ಬೆರಳುಗಳ ಒತ್ತು ಅಲ್ಲಿ ಉಳಿದಿದೆ. ತಂತ್ರಜ್ಞರಿಗೆ ಅದು ತಮ್ಮ ಕೆಲಸದ ದೋಷವಾಗಿ ಕಂಡಿತ್ತು. ನೋಡುಗರಿಗೆ ಮಾತ್ರ ಕೋಪದಿಂದ ರೋಮ ನಿಮಿರಿದಂತೆ ಕಂಡಿತು. ಸುಮಾರು ತೊಂಬತ್ತು ವರ್ಷಗಳ ಹಿಂದಿನ ಕೈಯೊಂದರ ಗುರುತು ಹೀಗೆ ಪರದೆಯ ಮೇಲೆ ನೇರವಾಗಿ ಕಾಣುವುದು ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಹೃದ್ಯವಾದ ಸಂಗತಿ. ಹಂದರವನ್ನು ಕಣ್ಣಾರೆ ಕಂಡವರಿಗೆ, ಕನಿಷ್ಠ ಅದರ ಒಳ್ಳೆಯ ಛಾಯಾಚಿತ್ರವನ್ನಾದರೂ ಕಂಡವರಿಗೆ, ಆ ಅಲುಗಾಟದ ಅರ್ಥ ತಾನಾಗಿಯೇ ತಿಳಿಯುತ್ತದೆ.

ಈ ಹಂದರ ಒಂದು ಸಾಕ್ಷಿಯೂ ಹೌದು. ಚಿತ್ರ ಬಿಡುಗಡೆಯಾದಾಗ ಸ್ಟುಡಿಯೋ ತನ್ನ ತಂತ್ರಗಳನ್ನು ಗುಟ್ಟಾಗಿಟ್ಟಿತ್ತು. ಆ ಕಾಲದ ಜನಪ್ರಿಯ ತಂತ್ರಜ್ಞಾನ ಪತ್ರಿಕೆಯೊಂದು, ವಾನರನ ವೇಷ ತೊಟ್ಟ ಮನುಷ್ಯನೊಬ್ಬ ಕಟ್ಟಡ ಹತ್ತುತ್ತಿರುವಂತೆ ಚಿತ್ರ ಬಿಡಿಸಿ, ಕಾಂಗ್‌ನನ್ನು ಹೀಗೆಯೇ ಮಾಡಿದ್ದು ಎಂದು ಓದುಗರಿಗೆ ವಿವರಿಸಿತು. ದಶಕಗಳ ನಂತರ, ಆ ವೇಷದೊಳಗೆ ಇದ್ದವನು ತಾನೇ ಎಂದು ಹೇಳಿಕೊಂಡು ಸುದ್ದಿಯಾದವರೂ ಇದ್ದರು. ಇಂಥ ಮಾತುಗಳಿಗೆ ಉತ್ತರ ಕೊಟ್ಟದ್ದು ಅಭಿಮಾನಿಗಳ ಸಂಗ್ರಹದಿಂದ ಹೊರಬಂದ ಹಂದರ, ಮತ್ತು ಚಿಕ್ಕ ಕಾಡಿನ ಸೆಟ್ಟಿನ ಪಕ್ಕದಲ್ಲಿ ತಂತ್ರಜ್ಞರು ನಿಂತಿರುವ ಸ್ಥಿರಚಿತ್ರಗಳು. ಚಿತ್ರತಂಡದಲ್ಲಿ ಸ್ವತಃ ದುಡಿದಿದ್ದ ಓರ್ವಿಲ್ ಗೋಲ್ಡ್ನರ್, ಜಾರ್ಜ್ ಟರ್ನರ್ ಜೊತೆ ಸೇರಿ 1975ರಲ್ಲಿ ಚಿತ್ರದ ತಯಾರಿಕೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ ಮೇಲೆ ಇಂಥ ಕಟ್ಟುಕಥೆಗಳಿಗೆ ನೆಲೆ ತಪ್ಪಿತು. ಪೂರ್ತಿ ಅಳತೆಯಲ್ಲಿ ಮಾಡಿದ ಭಾಗಗಳೂ ಇದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಕರಡಿಯ ಚರ್ಮ ಹೊದಿಸಿದ, ಒಳಗೆ ಜನ ಕುಳಿತು ಹುಬ್ಬು, ಕಣ್ಣು, ಬಾಯಿಗಳನ್ನು ಆಡಿಸುತ್ತಿದ್ದ ಬೃಹತ್ ತಲೆ ಒಂದು. ನಾಯಕಿ ಫೇ ರೇ ಅವರನ್ನು ಹಿಡಿದೆತ್ತುತ್ತಿದ್ದ ಕೈ ಇನ್ನೊಂದು. ಆ ತಲೆಯನ್ನು ಹಾಲಿವುಡ್‌ನ ಗ್ರೌಮನ್ಸ್ ಚೈನೀಸ್ ಚಿತ್ರಮಂದಿರದ ಅಂಗಳದಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು.

ಅದೇ ಚಿತ್ರಮಂದಿರದಲ್ಲಿ ನಾನು ಹೇಳಬೇಕಾದ ಮುಖ್ಯ ಪ್ರಸಂಗ ಶುರುವಾಗುತ್ತದೆ. ಲಾಸ್ ಏಂಜಲಿಸ್‌ನ ರೇ ಹ್ಯಾರಿಹೌಸನ್ ಎಂಬ ಹುಡುಗ, 1920ರಲ್ಲಿ ಹುಟ್ಟಿದವನು, ತಾಯಿ ಮತ್ತು ಚಿಕ್ಕಮ್ಮನ ಜೊತೆಗೆ ಅಲ್ಲಿ ಕಾಂಗ್ ನೋಡಿದ. ಆ ಚಿಕ್ಕಮ್ಮ ಚಿತ್ರಮಂದಿರದ ಮಾಲೀಕರ ತಾಯಿಯನ್ನು ನೋಡಿಕೊಳ್ಳುವ ನರ್ಸ್ ಆಗಿದ್ದರಿಂದ ಟಿಕೆಟ್ ದೊರೆತಿತ್ತು. ತೆರೆಯ ಮೇಲಿನದು ನಿಜವಲ್ಲವೆಂದು ಹುಡುಗನಿಗೆ ಗೊತ್ತಾಗಿತ್ತು. ಹೇಗೆ ಮಾಡಿದರೆಂಬುದು ಮಾತ್ರ ಗೊತ್ತಾಗಲಿಲ್ಲ. ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಇಂದಿನಂತೆ ಚಿತ್ರವನ್ನು ಬೇಕೆಂದಾಗ ನಿಲ್ಲಿಸಿ ನೋಡುವ ಸೌಕರ್ಯ ಆಗ ಇರಲಿಲ್ಲ. ಚಿತ್ರಮಂದಿರಕ್ಕೆ ಮತ್ತೆ ಬಂದಾಗ ನೋಡಬೇಕು, ನೋಡಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಅಷ್ಟೇ.

ಕೆಲವು ವರ್ಷಗಳ ನಂತರ ಕಾಂಗ್ ಮರುಪ್ರದರ್ಶನಗೊಂಡ ಒಂದು ಚಿತ್ರಮಂದಿರದ ಮೊಗಸಾಲೆಯಲ್ಲಿ ಆ ಚಿತ್ರದ ಸೊಗಸಾದ ಸ್ಥಿರಚಿತ್ರಗಳನ್ನು ತೂಗುಹಾಕಿದ್ದರು. ಹ್ಯಾರಿಹೌಸನ್ ಅವು ಯಾರವೆಂದು ವಿಚಾರಿಸಿದ. ಅವು ಚಿತ್ರಮಂದಿರದ್ದಾಗಿರಲಿಲ್ಲ; ಫಾರೆಸ್ಟ್ ಜೆ. ಆಕರ್‌ಮನ್ ಎಂಬ ಯುವಕ ಪ್ರದರ್ಶನಕ್ಕೆ ಕೊಟ್ಟಿದ್ದ ಸ್ವಂತ ಸಂಗ್ರಹ ಅದಾಗಿತ್ತು. ಹ್ಯಾರಿಹೌಸನ್‌ಗಿಂತ ಮೂರು ನಾಲ್ಕು ವರ್ಷ ದೊಡ್ಡವನಾದ ಆಕರ್‌ಮನ್ ಆಗಲೇ ವೈಜ್ಞಾನಿಕ ಕಥೆಗಳ, ವಿಚಿತ್ರ ಚಿತ್ರಗಳ ಕಟ್ಟಾ ಅಭಿಮಾನಿ. ಪರಿಚಯವೇ ಇಲ್ಲದ ಹುಡುಗನೊಬ್ಬ ಬಂದು ಚಿತ್ರಗಳನ್ನು ನಕಲು ಮಾಡಿಕೊಳ್ಳಲು ಕೇಳಿದಾಗ ಆತ ಅವನ್ನು ಕೊಟ್ಟುಬಿಟ್ಟ. ಒಂದೊಂದಕ್ಕೂ ನೆಗೆಟಿವ್ ತನ್ನ ಬಳಿ ಇಲ್ಲದ, ಕಳೆದುಹೋದರೆ ಮತ್ತೆ ಸಿಗದ ಚಿತ್ರಗಳನ್ನು ಅಪರಿಚಿತನ ಕೈಗೆ ಕೊಡುವುದು ಎಷ್ಟು ದೊಡ್ಡ ಮಾತು ಎಂಬುದು ಸಂಗ್ರಹದ ಹುಚ್ಚಿರುವ ಯಾರಿಗಾದರೂ ಗೊತ್ತು. ಆ ಒಂದು ಎರವಲು ನನ್ನ ಇಡೀ ಮಾತಿನ ತಿರುಳು.

ಏಕೆಂದರೆ ಸ್ಥಿರಚಿತ್ರದಲ್ಲಿ, ಓಡುವ ಚಿತ್ರದಲ್ಲಿ ಕಾಣದ್ದು ಕಾಣುತ್ತದೆ. ಕಾಡಿನ ದೃಶ್ಯದಲ್ಲಿ ಮುಂಭಾಗದ ಬಳ್ಳಿ ಎಲ್ಲಿ ಮುಗಿಯುತ್ತದೆ, ಗಾಜಿನ ಮೇಲೆ ಬರೆದ ಮರಗಳು ಎಲ್ಲಿ ಶುರುವಾಗುತ್ತವೆ, ನಟರ ಆಕೃತಿಗಳನ್ನು ಎಲ್ಲಿ ಪುಟ್ಟ ಪರದೆಯ ಮೇಲೆ ಹಿಂದಿನಿಂದ ಬೀರಿದ್ದಾರೆ ಎಂಬುದನ್ನು ನಿಂತ ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡಬಹುದು. ಹ್ಯಾರಿಹೌಸನ್ ಹಾಗೆ ನೋಡಿ ಕಲಿತ. ತಾಯಿಯ ಹಳೆಯ ತುಪ್ಪಳದ ಕೋಟನ್ನು ಕತ್ತರಿಸಿ ಗುಹೆಯ ಕರಡಿಯೊಂದನ್ನು ಮಾಡಿ, ಮನೆಯಂಗಳದಲ್ಲೇ ಚಿತ್ರೀಕರಿಸಿದ. ಆಕರ್‌ಮನ್ ಮೂಲಕ ನಗರದ ವೈಜ್ಞಾನಿಕ ಕಥಾಪ್ರಿಯರ ಕೂಟಕ್ಕೆ ಸೇರಿ, ಅಲ್ಲಿ ತನ್ನದೇ ವಯಸ್ಸಿನ, ಮುಂದೆ ಲೇಖಕನಾಗಿ ಹೆಸರಾದ ರೇ ಬ್ರಾಡ್‌ಬರಿಯ ಗೆಳೆತನ ಪಡೆದ. ಆ ಮೂವರ ಸ್ನೇಹ ಜೀವನದುದ್ದಕ್ಕೂ ಉಳಿಯಿತು. ಮುಂದೆ ಧೈರ್ಯ ಮಾಡಿ ಓಬ್ರಿಯನ್‌ಗೆ ಫೋನ್ ಮಾಡಿ, ಒಂದು ಪೆಟ್ಟಿಗೆಯಲ್ಲಿ ತನ್ನ ಡೈನೋಸಾರ್‌ಗಳನ್ನು ತುಂಬಿಕೊಂಡು ಹೋಗಿ ತೋರಿಸಿದ. ಕಾಲುಗಳು ಸಾಸೇಜಿನಂತಿವೆ, ಮೊದಲು ಅಂಗರಚನೆ ಕಲಿಯಬೇಕು ಎಂಬುದು ಗುರುವಿನ ಮೊದಲ ಟೀಕೆ. ಹುಡುಗ ಅದನ್ನು ಬೇಸರಿಸದೆ ಸ್ವೀಕರಿಸಿ ಕಲಾಶಾಲೆಗೆ ಸೇರಿದ. 1949ರಲ್ಲಿ ಬಂದ ‘ಮೈಟಿ ಜೋ ಯಂಗ್’ ಚಿತ್ರದಲ್ಲಿ ಓಬ್ರಿಯನ್ ಅವರ ಮುಖ್ಯ ಸಹಾಯಕರಾಗಿ ಗೊಂಬೆಗಳನ್ನು ಆಡಿಸಿದವರು ಅದೇ ಹ್ಯಾರಿಹೌಸನ್. ಆ ಚಿತ್ರದ ತಂತ್ರಗಳಿಗೆ ಆಸ್ಕರ್ ಬಂತು. 1963ರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’ನಲ್ಲಿ ಏಳು ಅಸ್ಥಿಪಂಜರಗಳು ಮೂವರು ನಟರೊಡನೆ ಕತ್ತಿ ಹಿಡಿದು ಹೋರಾಡುವ ದೃಶ್ಯವನ್ನು ಅವರು ನಾಲ್ಕೂವರೆ ತಿಂಗಳು ಒಬ್ಬರೇ ಕುಳಿತು ತೆಗೆದರು. ಮೊಗಸಾಲೆಯ ಆ ಚಿತ್ರಗಳನ್ನು ಕೊಡಲಾಗದೆಂದು ಆಕರ್‌ಮನ್ ಹೇಳಿದ್ದರೂ ಹ್ಯಾರಿಹೌಸನ್ ಬೇರೆ ದಾರಿಯಲ್ಲಿ ಬೆಳೆಯುತ್ತಿದ್ದರೇನೋ. ಆದರೆ ದಾರಿ ಅಷ್ಟು ಬೇಗ, ಅಷ್ಟು ನೇರವಾಗಿ ತೆರೆಯುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಆಕರ್‌ಮನ್ ತಮ್ಮ ಈ ಸ್ವಭಾವವನ್ನು ಕೊನೆಯವರೆಗೂ ಬಿಡಲಿಲ್ಲ. 1958ರಲ್ಲಿ ಅವರ ಸಂಪಾದಕತ್ವದಲ್ಲಿ ಶುರುವಾದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಎಂಬ ಪತ್ರಿಕೆಯ ಪುಟಗಳನ್ನು ತುಂಬಿದ್ದು ಹೆಚ್ಚಾಗಿ ಅವರ ಸ್ವಂತ ಕಪಾಟಿನ ಚಿತ್ರಗಳೇ. ಊರೂರಿನ ಹುಡುಗರು ಅದನ್ನು ಓದಿ, ಚಿತ್ರದ ಹಿಂದೆ ದುಡಿದವರ ಹೆಸರುಗಳನ್ನು ಮೊದಲ ಬಾರಿಗೆ ತಿಳಿದುಕೊಂಡರು. ಲಾಸ್ ಏಂಜಲಿಸ್‌ನಲ್ಲಿದ್ದ ಅವರ ಹದಿನೆಂಟು ಕೋಣೆಗಳ ಮನೆ ಶನಿವಾರಗಳಂದು ಯಾರು ಬೇಕಾದರೂ ಬಂದು ನೋಡಬಹುದಾದ ಸಂಗ್ರಹಾಲಯವಾಗಿತ್ತು. ಕಾಂಗ್ ಚಿತ್ರದ ಡೈನೋಸಾರ್ ಮಾದರಿಗಳೂ ಅಲ್ಲಿದ್ದವು. ಪ್ರವೇಶಧನವಿರಲಿಲ್ಲ, ಕಾವಲುಗಾರರಿರಲಿಲ್ಲ. ಬಂದವರಲ್ಲಿ ಕೆಲವರು ಕೈಗೆ ಸಿಕ್ಕಿದ್ದನ್ನು ಕದ್ದೂ ಒಯ್ದರು. ಇದು ಹಂಚಿಕೊಳ್ಳುವಿಕೆಯ ಕಹಿಯಾದ ಭಾಗ, ಮುಚ್ಚಿಡಬಾರದು. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಸಾರ್ವಜನಿಕ ಸಂಸ್ಥೆಯೊಂದು ಇಡೀ ಸಂಗ್ರಹವನ್ನು ವಹಿಸಿಕೊಳ್ಳಲೆಂಬ ಅವರ ಆಸೆ ಕೈಗೂಡಲಿಲ್ಲ. ಕೊನೆಯ ವರ್ಷಗಳಲ್ಲಿ ದೊಡ್ಡ ಮನೆಯನ್ನೂ ಸಂಗ್ರಹದ ಬಹುಭಾಗವನ್ನೂ ಮಾರಬೇಕಾಯಿತು. 2008ರಲ್ಲಿ ಅವರು ತೀರಿಕೊಂಡರು. ಖಾಸಗಿ ಮನೆಯೊಂದರ ಔದಾರ್ಯಕ್ಕೆ ಒಂದು ಆಯುಸ್ಸಿನ ಮಿತಿಯಿದೆ. ಆ ಮಿತಿಯನ್ನು ದಾಟಿಸಬೇಕಾದರೆ ಸಂಗ್ರಾಹಕರು ಬದುಕಿರುವಾಗಲೇ ಸಂಸ್ಥೆಯ ವ್ಯವಸ್ಥೆ ಆಗಬೇಕು.

ಹ್ಯಾರಿಹೌಸನ್ ಇದನ್ನು ಮಾಡಿದರು. ತಮ್ಮ ಚಿತ್ರಗಳ ಗೊಂಬೆ, ಅಚ್ಚು, ರೇಖಾಚಿತ್ರ, ಪ್ರಯೋಗದ ತುಣುಕು, ಯಾವುದನ್ನೂ ಎಸೆಯದ ಅವರು 1986ರಲ್ಲಿ ಪತ್ನಿ ಡಯಾನಾ ಅವರೊಡನೆ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಸುಮಾರು 50,000 ವಸ್ತುಗಳು ಇಂದು ಅದರ ವಶದಲ್ಲಿವೆ. ಅವರು 2013ರಲ್ಲಿ ನಿಧನರಾದರು. ಅವರು ಹುಟ್ಟಿ ನೂರು ವರ್ಷವಾದ 2020ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಸ್ಥೆ ಆ ಸಂಗ್ರಹದ ದೊಡ್ಡ ಪ್ರದರ್ಶನ ಏರ್ಪಡಿಸಿತು. ಇಂಥ ಸಂಸ್ಥೆಗಳ ಅಗತ್ಯಕ್ಕೆ ಒಂದು ಭೌತಿಕ ಕಾರಣವೂ ಇದೆ. ರಬ್ಬರು ಬಾಳುವ ವಸ್ತುವಲ್ಲ. ಗಾಳಿ, ಬೆಳಕು, ಶಾಖಗಳಿಗೆ ಅದು ಮೊದಲು ಅಂಟಂಟಾಗುತ್ತದೆ ಅಥವಾ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗಿ ಉದುರುತ್ತದೆ. ಕಾಂಗ್‌ನ ಮೈ ಹಾಗೆಯೇ ಉದುರಿಹೋಯಿತು. ಇಂದು ನಾವು ಕಾಂಗ್ ಎಂದು ನೋಡುವುದು ಬರಿಯ ಲೋಹ. ಉದುರಿದ ಮೈ ಹೇಗಿತ್ತೆಂದು ತಿಳಿಯಲು ಮತ್ತೆ ಸ್ಥಿರಚಿತ್ರಗಳ ಬಳಿಗೇ ಹೋಗಬೇಕು.

ಅಂಥ ಒಂದು ಹಂದರ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಬಾಬ್ ಬರ್ನ್ಸ್ ಎಂಬ ಸಂಗ್ರಾಹಕರಿಗೆ ಸೇರಿತು. ಅವರೂ ಆಕರ್‌ಮನ್ ಅವರ ಜಾಡಿನವರೇ. ಮನೆಯಲ್ಲಿಟ್ಟ ವಸ್ತುಗಳನ್ನು ಬಂದವರಿಗೆ ತೋರಿಸುವುದರಲ್ಲೇ ಸಂತೋಷ ಕಂಡವರು. ಇತ್ತ ನ್ಯೂಜಿಲೆಂಡಿನ ಪುಕೆರುವಾ ಬೇ ಎಂಬ ಕಡಲತೀರದ ಊರಿನಲ್ಲಿ ಒಂಬತ್ತು ವರ್ಷದ ಪೀಟರ್ ಜಾಕ್ಸನ್ ದೂರದರ್ಶನದಲ್ಲಿ ಕಾಂಗ್ ನೋಡಿ, ಮುಂದೆ ತಾಯಿಯ ತುಪ್ಪಳದ ಶಾಲಿನಿಂದ ತನ್ನದೇ ಒಂದು ಕಾಂಗ್ ಮಾಡಿ, ರಟ್ಟಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಅದನ್ನು ಹತ್ತಿಸಿದ್ದ. ಎರಡು ಖಂಡಗಳಲ್ಲಿ, ಎರಡು ತಲೆಮಾರುಗಳಲ್ಲಿ ಇಬ್ಬರು ತಾಯಂದಿರ ತುಪ್ಪಳ ಒಂದೇ ಚಿತ್ರಕ್ಕಾಗಿ ಕತ್ತರಿಗೆ ಸಿಕ್ಕಿದ ಸಂಗತಿ ನನಗೆ ಬಹಳ ಇಷ್ಟ. ಅದೇ ಜಾಕ್ಸನ್ 2005ರಲ್ಲಿ ಕಾಂಗ್ ಕಥೆಯನ್ನು ಮತ್ತೆ ಚಿತ್ರವಾಗಿಸಿದಾಗ ಬರ್ನ್ಸ್ ದಂಪತಿ ಮೂಲ ಹಂದರವನ್ನು ನ್ಯೂಜಿಲೆಂಡಿಗೆ ಹೊತ್ತೊಯ್ದರು. ಹೊಸ ಕಾಂಗ್ ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಹುಟ್ಟಿದ್ದು; ಅದನ್ನು ಮಾಡುತ್ತಿದ್ದ ತಂಡಕ್ಕೆ ಹಳೆಯ ಕಾಂಗ್‌ನ ಮೊಣಕೈಯನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶ ಸಿಕ್ಕಿತು. ದಂಪತಿ ಆ ಚಿತ್ರದಲ್ಲಿ ನ್ಯೂಯಾರ್ಕ್‌ನ ದಾರಿಹೋಕರಾಗಿ ಕಾಣಿಸಿಕೊಂಡಿದ್ದಾರೆ.

ಚಿತ್ರದಿಂದಲೇ ಕಾಣೆಯಾದ ಭಾಗಗಳ ವಿಷಯಕ್ಕೆ ಬರುತ್ತೇನೆ. 1938ರ ಮರುಬಿಡುಗಡೆಗೆ ಮುನ್ನ, ಆ ಹೊತ್ತಿಗೆ ಬಿಗಿಯಾಗಿದ್ದ ನಿಯಮಗಳಿಗೆ ಅನುಸಾರವಾಗಿ, ಕಾಂಗ್ ಜನರನ್ನು ಬಾಯಲ್ಲಿ ಅಗಿಯುವ, ಹೆಂಗಸೊಬ್ಬಳನ್ನು ಎತ್ತರದಿಂದ ಕೈಬಿಡುವ, ನಾಯಕಿಯ ಬಟ್ಟೆಯನ್ನು ಎಳೆಯುವ ತುಣುಕುಗಳನ್ನು ಕತ್ತರಿಸಿದರು. ಮೂರು ದಶಕ ಚಿತ್ರ ಹಾಗೆಯೇ ಓಡಿತು. ಕತ್ತರಿ ಕಾಣದ ಪ್ರಿಂಟ್ ಸಿಕ್ಕಿ 1970ರ ಸುಮಾರಿಗೆ ಆ ತುಣುಕುಗಳು ಸ್ವಸ್ಥಾನ ಸೇರಿದವು. ಇನ್ನೊಂದು ದೃಶ್ಯ ಮಾತ್ರ ಇಂದಿಗೂ ಸಿಕ್ಕಿಲ್ಲ. ಕಾಂಗ್ ಮರದ ದಿಮ್ಮಿಯನ್ನು ಅಲುಗಿಸಿ ನಾವಿಕರನ್ನು ಕಂದಕಕ್ಕೆ ಬೀಳಿಸಿದ ಮೇಲೆ, ಆ ಕಂದಕದಲ್ಲಿ ದೈತ್ಯ ಜೇಡಗಳೂ ಇತರ ಹುಳುಗಳೂ ಅವರ ಮೇಲೆರಗುವ ದೃಶ್ಯವದು. ಕಥೆಯ ಓಟ ನಿಲ್ಲುತ್ತದೆಂದು ನಿರ್ದೇಶಕ ಮೆರಿಯನ್ ಕೂಪರ್ ಅವರೇ ಬಿಡುಗಡೆಗೆ ಮೊದಲು ಅದನ್ನು ತೆಗೆದುಹಾಕಿದರು. ಇಂಥದೊಂದು ದೃಶ್ಯವಿತ್ತು ಎಂಬುದನ್ನು ಜೀವಂತವಾಗಿಟ್ಟದ್ದು ಚಿತ್ರಕಥೆಯ ಪ್ರತಿ, ಕೆಲವು ರೇಖಾಚಿತ್ರ, ಸ್ಥಿರಚಿತ್ರ, ಮತ್ತು ಅವನ್ನು ಪತ್ರಿಕೆಯಿಂದ ಪತ್ರಿಕೆಗೆ, ಕೈಯಿಂದ ಕೈಗೆ ದಾಟಿಸಿದ ಅಭಿಮಾನಿಗಳ ಹಟ. 2005ರಲ್ಲಿ ಜಾಕ್ಸನ್ ತಮ್ಮ ತಂಡದೊಂದಿಗೆ ಆ ಆಧಾರಗಳನ್ನು ಮುಂದಿಟ್ಟುಕೊಂಡು, ಹಳೆಯ ರೀತಿಯ ಕೀಲುಗೊಂಬೆಗಳನ್ನು ಮಾಡಿ, ಕಪ್ಪು ಬಿಳುಪಿನಲ್ಲಿ ಚಿತ್ರಿಕೆ ಚಿತ್ರಿಕೆಯಾಗಿ ಆ ದೃಶ್ಯವನ್ನು ಮರುಸೃಷ್ಟಿಸಿದರು. ಅದನ್ನು ಮೂಲ ಚಿತ್ರದೊಳಗೆ ತುರುಕದೆ, ಡಿವಿಡಿಯ ಹೆಚ್ಚುವರಿ ಭಾಗದಲ್ಲಿ ಬೇರೆಯಾಗಿಯೇ ಇಟ್ಟರು. ಈ ಸಂಯಮವನ್ನು ನಾನು ತುಂಬ ಗೌರವಿಸುತ್ತೇನೆ. ಊಹೆಯನ್ನು ಊಹೆಯೆಂದೇ ತೋರಿಸುವುದು ಹಂಚಿಕೊಳ್ಳುವವರ ಮೊದಲ ಕರ್ತವ್ಯ.

ಇಲ್ಲಿ ಸ್ಥಿರಚಿತ್ರಗಳ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಪ್ರಚಾರಕ್ಕಾಗಿ ಸ್ಟುಡಿಯೋಗಳು ಹಲವು ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಒಂದು ಮಾಡುತ್ತಿದ್ದವು. ಅವುಗಳಲ್ಲಿ ಕಾಣುವುದು ಚಿತ್ರದಲ್ಲಿ ಎಂದೂ ಇಲ್ಲದಿರಬಹುದು. ಆದ್ದರಿಂದ ಒಂದೇ ಚಿತ್ರವನ್ನು ನೋಡಿ ಕಳೆದುಹೋದ ದೃಶ್ಯ ಸಿಕ್ಕಿತೆಂದು ಸಾರುವುದು ಅಪಾಯ. ಹತ್ತು ಜನರ ಬಳಿಯ ಹತ್ತು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಅಂಚಿನಲ್ಲಿ ಅಚ್ಚಾದ ಸಂಖ್ಯೆಗಳನ್ನು, ಬೆಳಕು ಬಿದ್ದ ದಿಕ್ಕನ್ನು, ನಟರ ಉಡುಪಿನ ಹರಿದ ಭಾಗವನ್ನು ಹೋಲಿಸಿದಾಗಲೇ ಯಾವುದು ಸೆಟ್ಟಿನಲ್ಲಿ ತೆಗೆದದ್ದು, ಯಾವುದು ಪ್ರಚಾರ ವಿಭಾಗದ ಮೇಜಿನ ಮೇಲೆ ಹುಟ್ಟಿದ್ದು ಎಂಬುದು ತಿಳಿಯುತ್ತದೆ. ಒಬ್ಬರ ಬೀರುವಿನಲ್ಲಿ ಒಂಟಿಯಾಗಿ ಕುಳಿತ ಚಿತ್ರಕ್ಕೆ ಈ ಪರೀಕ್ಷೆ ಎಂದಿಗೂ ಆಗುವುದಿಲ್ಲ.

ನಮ್ಮವರಿಗೆ ಈ ಮಾತು ಬೇಗ ಅರ್ಥವಾಗಬೇಕು. ಕಾಂಗ್ ನ್ಯೂಯಾರ್ಕಿನಲ್ಲಿ ತೆರೆಕಂಡ ಸರಿಯಾಗಿ ಒಂದು ವರ್ಷ ಒಂದು ದಿನಕ್ಕೆ, 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಕೊಲ್ಹಾಪುರದ ಸ್ಟುಡಿಯೋದಲ್ಲಿ ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ನಟಿಸಿದ, ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರದ ಒಂದು ಪ್ರಿಂಟೂ ಇಂದು ನಮಗೆ ದೊರೆಯುವುದಿಲ್ಲ. ಕೆಲವು ಸ್ಥಿರಚಿತ್ರಗಳು, ಬರಹಗಳು, ನೆನಪುಗಳಿಂದಲೇ ಅದನ್ನು ಕಲ್ಪಿಸಿಕೊಳ್ಳಬೇಕಾಗಿದೆ. ಕಾಂಗ್‌ನಲ್ಲಿ ಒಂದು ದೃಶ್ಯ ಕಳೆದದ್ದಕ್ಕೆ ಅಲ್ಲಿನ ಅಭಿಮಾನಿಗಳು ಎಪ್ಪತ್ತು ವರ್ಷ ಹುಡುಕಾಡಿದರು. ನಮ್ಮಲ್ಲಿ ಇಡೀ ಚಿತ್ರವೇ ಇಲ್ಲ. ಹಳೆಯ ಟ್ರಂಕುಗಳಲ್ಲಿ ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ, ನಾಟಕ ಕಂಪನಿಯ ಗುಂಪು ಚಿತ್ರ ಇರುವ ಮನೆಗಳು ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಇನ್ನೂ ಇರಬಹುದೆಂದೇ ನನ್ನ ನಂಬಿಕೆ. ಅವು ಹೊರಬರಬೇಕು.

ಮಾತು ಮುಗಿದ ಮೇಲೆ ಸಭಿಕರು ಎತ್ತಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹೀಗೆ ಎಲ್ಲರಿಗೂ ತೋರಿಸಿ, ನಕಲು ಕೊಟ್ಟರೆ ಮೂಲದ ಬೆಲೆ ಇಳಿಯುವುದಿಲ್ಲವೇ ಎಂಬುದು ಮೊದಲನೆಯದು. ಕಾಂಗ್‌ನ ಹಂದರದ ಚಿತ್ರಗಳು ಪುಸ್ತಕ, ಪತ್ರಿಕೆಗಳಲ್ಲಿ ದಶಕಗಳಿಂದ ಅಚ್ಚಾಗುತ್ತಲೇ ಬಂದಿದ್ದವು. ಅದಾದ ಮೇಲೂ 2009ರ ನವೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಂಥ ಒಂದು ಹಂದರ 1,20,000 ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ಜನರಿಗೆ ಅದು ಏನೆಂದು ಗೊತ್ತಿದ್ದುದರಿಂದಲೇ ಅಷ್ಟು ಬೆಲೆ ಬಂತು. ಯಾರೂ ನೋಡಿರದ ಲೋಹದ ತುಂಡಿಗೆ ಗುಜರಿಯ ಬೆಲೆಯೇ ಗತಿ. ಜೊತೆಗೆ, ಮೂಲದ ಚಿತ್ರಗಳು ಎಲ್ಲರ ಬಳಿ ಇದ್ದಷ್ಟೂ ನಕಲಿ ವಸ್ತುವನ್ನು ಅಸಲಿಯೆಂದು ಮಾರುವುದು ಕಷ್ಟವಾಗುತ್ತದೆ.

ಮನೆಯಲ್ಲಿ ಹಳೆಯ ಸ್ಥಿರಚಿತ್ರಗಳಿದ್ದರೆ ಏನು ಮಾಡಬೇಕು ಎಂಬುದು ಎರಡನೆಯದು. ಪ್ಲಾಸ್ಟಿಕ್ ಹಾಳೆ ಅಂಟಿಸಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ, ಚಿತ್ರದ ಮೇಲೆ ಪೆನ್ನಿನಿಂದ ಬರೆಯಬೇಡಿ. ಯಾರಿಂದ, ಯಾವಾಗ ಬಂತು, ಚಿತ್ರದಲ್ಲಿರುವವರು ಯಾರು ಎಂಬುದನ್ನು ಬೇರೆ ಕಾಗದದ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಬರೆದ ಮೇಲೆ ಚಿತ್ರವನ್ನು ಅದರೊಳಗಿಡಿ. ಕಾಗದ ನಿಮ್ಮದಾದರೂ ಚಿತ್ರದ ಹಕ್ಕು ನಿರ್ಮಾಪಕರದ್ದೋ ಛಾಯಾಗ್ರಾಹಕರದ್ದೋ ಆಗಿರಬಹುದು, ಅಚ್ಚಿಗೆ ಕೊಡುವ ಮುನ್ನ ವಿಚಾರಿಸಿ. ಸ್ಕ್ಯಾನ್ ಮಾಡುವಾಗ ಬಿಳಿಯ ಅಂಚನ್ನು ಕತ್ತರಿಸದೆ ಪೂರ್ತಿ ತೆಗೆಯಿರಿ, ಸಂಖ್ಯೆಗಳು ಇರುವುದು ಅಲ್ಲಿಯೇ. ಆಮೇಲೆ ಚಿತ್ರವನ್ನು ಮಗುಚಿ ಹಾಕಿ ಬೆನ್ನನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ದಿನಾಂಕ, ಹೆಸರುಗಳು ಸಾಮಾನ್ಯವಾಗಿ ಸಿಗುವುದು ಆ ಬದಿಯಲ್ಲಿ.